ಎಲ್‌ಟಿಎಸ್ ಹಾಕಿದ್ದೀರಿ ಸರಿ, ಗಡುವು ಯಾವಾಗ?

ಮನೆಯವರ, ಗೆಳೆಯರ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡೋದು ನನಗಂಟಿದ ಚಾಳಿ. ಹಾಕಿಕೊಟ್ಟ ಮೇಲೆ ನೋಡಿಕೊಳ್ಳುವುದೂ ನನ್ನ ತಲೆಗೇ. ಹಾಗಾಗಿ ಎಲ್ಲರಿಗೂ ಎಲ್‌ಟಿಎಸ್ (ಲಾಂಗ್ ಟರ್ಮ್ ಸಪೋರ್ಟ್, ಅಂದರೆ ಸಾಮಾನ್ಯವಾಗಿ ಐದು ವರ್ಷ ದೋಷ ರಿಪೇರಿಯ ಅಪ್‌ಡೇಟ್ ಸಿಗುವ) ಆವೃತ್ತಿಯನ್ನೇ ಹಾಕುತ್ತೇನೆ. ಆದರೆ ‘ಇನ್ನು ಐದು ವರ್ಷ ಚಿಂತೆಯಿಲ್ಲ’ ಅಂತ ಮಾತ್ರ ಯಾರಿಗೂ ಹೇಳುವುದಿಲ್ಲ.

ಯಾಕೆಂದರೆ ಲೆಕ್ಕ ಶುರುವಾಗುವುದು ಆವೃತ್ತಿ ಬಿಡುಗಡೆಯಾದ ದಿನದಿಂದ, ನೀವು ಇನ್‌ಸ್ಟಾಲ್ ಮಾಡಿದ ದಿನದಿಂದಲ್ಲ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನ 22.04 ಆವೃತ್ತಿ ಬಂದದ್ದು 2022ರ ಏಪ್ರಿಲ್‌ನಲ್ಲಿ. 2025ರಲ್ಲಿ ಹಾಕಿಕೊಂಡವರಿಗೂ 2027ಕ್ಕೇ ಮುಗಿಯಿತು. ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 21ಕ್ಕೂ ಅದೇ ಗಡುವು. ಉಬುಂಟುವಿಗೇ ಬೇರೆ ಡೆಸ್ಕ್‌ಟಾಪ್ ತೊಡಿಸಿದ ಕುಬುಂಟು, ಝುಬುಂಟು ಬಳಸುವವರು ಇನ್ನೂ ಹುಷಾರಾಗಿರಬೇಕು: ಹೆಸರಿನಲ್ಲಿ ಎಲ್‌ಟಿಎಸ್ ಇದ್ದರೂ ಅವುಗಳ ಡೆಸ್ಕ್‌ಟಾಪ್‌ಗೆ ಸಿಗುವುದು ಮೂರೇ ವರ್ಷ. ಇನ್ನೊಂದು ಬಗೆಯ ಲಿನಕ್ಸ್ ಆದ ಡೆಬಿಯನ್‌ನಲ್ಲಿ ಮೊದಲ ಮೂರು ವರ್ಷ ಪೂರ್ತಿ ಬೆಂಬಲ, ಆಮೇಲಿನ ಎರಡು ವರ್ಷ ಪ್ರತ್ಯೇಕ ಎಲ್‌ಟಿಎಸ್ ತಂಡದ ಕೈಯಲ್ಲಿ.

ಇನ್ನು, ಯಾವ ಪ್ಯಾಕೇಜ್‌ಗೆ (ಇನ್‌ಸ್ಟಾಲ್ ಆಗಿರುವ ತಂತ್ರಾಂಶಕ್ಕೆ) ಐದು ವರ್ಷ ಅನ್ನೋದು. ಉಬುಂಟುವಿನಲ್ಲಿ ಟರ್ಮಿನಲ್ ತೆರೆದು ‘pro security-status’ ಕಮಾಂಡ್ ಕೊಟ್ಟು ನೋಡಿ. ನಿಮ್ಮ ಯಂತ್ರದಲ್ಲಿರುವ ಪ್ಯಾಕೇಜ್‌ಗಳಲ್ಲಿ ಮೇನ್‌ನವೆಷ್ಟು (ಉಬುಂಟು ಕಂಪನಿಯೇ ನೋಡಿಕೊಳ್ಳುವ ಭಂಡಾರ), ಯೂನಿವರ್ಸ್‌ನವೆಷ್ಟು (ಸಮುದಾಯ ನೋಡಿಕೊಳ್ಳುವ ಭಂಡಾರ), ಹೊರಗಿನಿಂದ ಬಂದವೆಷ್ಟು ಅಂತ ಪಟ್ಟಿ ಬರುತ್ತದೆ. ಐದು ವರ್ಷದ ಖಾತ್ರಿ ಇರುವುದು ಮೇನ್‌ಗೆ. ವಿಎಲ್‌ಸಿ, ಗಿಂಪ್ ಇವೆಲ್ಲ ಯೂನಿವರ್ಸ್‌ನವು. ಅವಕ್ಕೂ ಭದ್ರತಾ ಅಪ್‌ಡೇಟ್ ಖಾತ್ರಿಯಾಗಿ ಬೇಕೆಂದರೆ ಉಬುಂಟು ಪ್ರೊ ಅನ್ನುವ ಹೆಚ್ಚುವರಿ ಬೆಂಬಲದ ಯೋಜನೆಗೆ ಸೇರಬೇಕು. ಸ್ವಂತ ಬಳಕೆಗೆ ಐದು ಯಂತ್ರಗಳವರೆಗೆ ಉಚಿತ, ಬೆಂಬಲವೂ 10 ವರ್ಷಕ್ಕೆ ಏರುತ್ತದೆ. ಖಾತೆ ತೆರೆಯಬೇಕಲ್ಲ ಅಂತ ಮೂಗು ಮುರಿಯುವವರಿದ್ದಾರೆ. ನಾನಂತೂ ಹಾಕಿಸುತ್ತೇನೆ.

ಬೆಂಬಲ ಅಂದರೆ ಹೊಸ ಆವೃತ್ತಿ ಅಂತಲ್ಲ, ದೋಷಗಳ ರಿಪೇರಿ ಅಷ್ಟೇ. 22.04ರ ಜೊತೆ ಬಂದ ಲಿಬ್ರೆ ಆಫೀಸ್ 7.3 ಕೊನೆವರೆಗೂ 7.3 ಆಗಿಯೇ ಉಳಿಯುತ್ತದೆ. ಅದೊಂದೇ ಹೊಸದು ಬೇಕಾದರೆ ಸಿಸ್ಟಮ್‌ನಿಂದ ಬೇರೆಯಾಗಿ ಆ್ಯಪ್ ಹಾಕುವ ಫ್ಲಾಟ್‌ಪ್ಯಾಕ್‌ನಲ್ಲಿ ಹಾಕಿಕೊಳ್ಳಿ. ಅದಕ್ಕಾಗಿ ಇಡೀ ಸಿಸ್ಟಮ್ ಬದಲಾಯಿಸಬೇಡಿ. ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಚಿಂತೆ ಬೇಡ, ಸ್ನ್ಯಾಪ್ (ಉಬುಂಟುವಿನ ಇಂಥದ್ದೇ ಪ್ರತ್ಯೇಕ ವ್ಯವಸ್ಥೆ) ಆಗಿರುವುದರಿಂದ ತಾನೇ ಹೊಸದಾಗುತ್ತಿರುತ್ತದೆ.

ಹಾಗಾದರೆ ಅಪ್‌ಗ್ರೇಡ್ ಯಾವಾಗ? ಒಂದು ಎಲ್‌ಟಿಎಸ್‌ನಿಂದ ಮುಂದಿನದಕ್ಕೆ ಉಬುಂಟು ತಾನಾಗಿ ಕರೆಯುವುದು ಹೊಸದರ ‘.1’ (24.04 ಆದರೆ 24.04.1, ಮೊದಲ ರಿಪೇರಿಗಳು ಸೇರಿದ್ದು) ಬಿಡುಗಡೆಯಾದ ಮೇಲೆ. ಅಲ್ಲಿಯವರೆಗೆ ಕಾಯಿರಿ, ಸಾಧ್ಯವಾದರೆ ಇನ್ನೂ ಕೆಲವು ವಾರ. ಆದರೆ ಗಡುವಿನ ಕೊನೆಯ ತಿಂಗಳವರೆಗೆ ಎಳೆಯಬೇಡಿ. ಒಂದನ್ನು ಬಿಟ್ಟು ಹಾರುವಂತೆಯೂ ಇಲ್ಲ: 20.04ರಿಂದ 24.04ಕ್ಕೆ ಹೋಗಲು 22.04 ದಾಟಲೇಬೇಕು. ಅಷ್ಟು ಹಿಂದುಳಿದ ಯಂತ್ರವಾದರೆ ನಾನು ಫೈಲುಗಳನ್ನು ಹೊರಗಿನ ಡಿಸ್ಕ್‌ಗೆ ನಕಲಿಸಿ, ಹೊಸದಾಗಿಯೇ ಇನ್‌ಸ್ಟಾಲ್ ಮಾಡಿಬಿಡುತ್ತೇನೆ.

ಅಪ್‌ಗ್ರೇಡೇ ಮಾಡುವುದಾದರೂ ಬ್ಯಾಕಪ್ ತಪ್ಪಿಸಬೇಡಿ. ಸೇರಿಸಿಕೊಂಡಿರುವ ಪಿಪಿಎಗಳನ್ನೂ (ಉಬುಂಟುವಿನದಲ್ಲದ, ಬೇರೆಯವರ ಪ್ಯಾಕೇಜ್ ಭಂಡಾರಗಳನ್ನು) ಬರೆದಿಟ್ಟುಕೊಳ್ಳಿ. ಅಪ್‌ಗ್ರೇಡ್ ಸಮಯದಲ್ಲಿ ಅವೆಲ್ಲ ಆಫ್ ಆಗುತ್ತವೆ. ಮುಗಿದ ಮೇಲೆ ಒಂದೊಂದಾಗಿ ಆನ್ ಮಾಡಿ, ಅದೂ ಹೊಸ ಆವೃತ್ತಿಗೆ ಪ್ಯಾಕೇಜ್ ಬಂದಿದೆಯೇ ಅಂತ ನೋಡಿಕೊಂಡು. ಯಾತಕ್ಕೆ ಸೇರಿಸಿದ್ದೆವು ಅನ್ನೋದೇ ನೆನಪಿಲ್ಲದವನ್ನು ಅಳಿಸಿಹಾಕಿ.