ಹಳೆಯ ಕಾರಿನ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಸದ್ದು ಮಾಡಿದಾಗ

ಮೈಸೂರಿನಲ್ಲಿ ಪೆಟ್ರೋಲ್ ಹಾಕಿಸುವ ಜಾಗವನ್ನು ನಾವು ಬಂಕ್ ಎಂದೇ ಕರೆಯುವುದರಿಂದ, ಟ್ಯಾಂಕಿನ ಪೆಟ್ರೋಲನ್ನು ಎಳೆದು, ಅದನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರಿಗೆ ತಳ್ಳುವ ಸಾಧನವನ್ನು ಪಂಪ್ ಎಂದರೆ ಗೊಂದಲವಾಗದು. ಅಂಬಾಸಿಡರ್, ಪದ್ಮಿನಿಗಳಲ್ಲಿ ಅದನ್ನು ಎಂಜಿನ್ನೇ ನಡೆಸುತ್ತದೆ. ಮಾರಿಸ್ ಮೈನರ್‌ನಲ್ಲಿ ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪ್ ಇರುತ್ತದೆ. ಬೇಸಿಗೆಯಲ್ಲಿ ಚಾಮುಂಡಿ ಬೆಟ್ಟ ಹತ್ತುವಾಗ ಪೆಟ್ರೋಲ್ ಆವಿಯಾಗಿ ಎಂಜಿನ್ ನಿಂತೀತೆಂದು ಪದ್ಮಿನಿಗೂ ಎಲೆಕ್ಟ್ರಿಕ್ ಪಂಪ್ ಹಾಕಿಸಿದವರಿದ್ದಾರೆ. ಆಮೇಲೆ ಅವರ ದೂರು ಒಂದೇ: ಕಾರಿನೊಳಗೆ ಕಟಕಟ ಸದ್ದು.

ಆ ಸದ್ದನ್ನು ಅಡಗಿಸುವ ಮೊದಲು ಕಿವಿಗೊಟ್ಟು ಕೇಳಬೇಕು. ಎಸ್‌ಯು ಪಂಪಿನಲ್ಲಿ ವಿದ್ಯುತ್ ಅಯಸ್ಕಾಂತವು ಡಯಾಫ್ರಮ್ ಎಂಬ ಬಾಗುವ ಪೊರೆಯನ್ನು ಹಿಂದಕ್ಕೆಳೆದು ಪೆಟ್ರೋಲನ್ನು ಒಳಗೆ ತುಂಬಿಸುತ್ತದೆ; ಆ ಹಂತದ ಕೊನೆಯಲ್ಲಿ ಪಾಯಿಂಟ್ ಎಂಬ ಸ್ವಿಚ್ಚು ತೆರೆದುಕೊಂಡು ವಿದ್ಯುತ್ ಕಡಿದಾಗ ಸ್ಪ್ರಿಂಗ್ ಆ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಕಾರ್ಬುರೇಟರಿನ ಫ್ಲೋಟ್ ಬಟ್ಟಲು ತುಂಬಿ, ಅದಕ್ಕೆ ಪೆಟ್ರೋಲ್ ಬರುವ ದಾರಿಯ ನೀಡಲ್ ವಾಲ್ವ್ ಮುಚ್ಚಿದೊಡನೆ ಸ್ಪ್ರಿಂಗಿಗೆ ತಳ್ಳಲು ಜಾಗವಿಲ್ಲದೆ ಪಂಪ್ ಸುಮ್ಮನಾಗುತ್ತದೆ. ಆದ್ದರಿಂದ ಕೀಲಿ ತಿರುಗಿಸಿದಾಗ ಒಂದಿಷ್ಟು ಹೊತ್ತು ಬಡಿದು ನಿಲ್ಲುವುದು, ಎಂಜಿನ್ ಓಡುವಾಗ ಆಗೊಮ್ಮೆ ಈಗೊಮ್ಮೆ ಬಡಿಯುವುದು ಆರೋಗ್ಯದ ಲಕ್ಷಣವೇ ಹೊರತು ದೋಷವಲ್ಲ. ಎಂಜಿನ್ ಓಡದಿದ್ದರೂ ಪಂಪ್ ಬಿಡದೆ ಬಡಿಯುತ್ತಿದ್ದರೆ ಮಾತ್ರ ಚಿಂತಿಸಬೇಕು.

ಆಗ ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ನೋಡಿ. ನಗಬೇಡಿ, ಹಳೆಯ ಕಾರುಗಳ ಗೇಜ್ ಸುಳ್ಳು ಹೇಳುವುದು ಹೊಸತಲ್ಲ. ಬಳಿಕ ಕಾರ್ಬುರೇಟರ್ ಒದ್ದೆಯಾಗಿದೆಯೇ ಎಂದು ಪರೀಕ್ಷಿಸಿ; ಒದ್ದೆಯಾಗಿದ್ದರೆ ನೀಡಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಒಣಗಿದ್ದರೆ ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿರಬಹುದು. ಇದನ್ನು ಪತ್ತೆಹಚ್ಚಲು ಕಾರನ್ನು ಬಯಲಿಗೆ ತಂದು, ಎಂಜಿನ್ ತಣ್ಣಗಾದ ಮೇಲೆ, ಪಂಪಿನಿಂದ ಹೊರಬರುವ ಹೋಸಿಗೆ ಉದ್ದನೆಯ ತುಂಡು ಜೋಡಿಸಿ, ಅದರ ತುದಿಯನ್ನು ಪಂಪಿನಿಂದ ದೂರದಲ್ಲಿಟ್ಟ ಡಬ್ಬಿಯೊಳಗಿನ ಪೆಟ್ರೋಲಿನಲ್ಲಿ ಮುಳುಗಿಸಿ ಕೀಲಿ ತಿರುಗಿಸಿ. ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೆ ಬಿರುಕುಬಿಟ್ಟ ಹೋಸ್ ಅಥವಾ ಸಡಿಲ ಕ್ಲಿಪ್ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಪರೀಕ್ಷೆಯ ವೇಳೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ನ ತಂತಿಯನ್ನು ಬಿಚ್ಚಿಡಿ. ಇಲ್ಲವಾದರೆ ಎಂಜಿನ್ ನಿಂತಿರುವಾಗ ಕಾಯಿಲ್ ಕಾದು ಸುಟ್ಟೀತು. ಹತ್ತಿರ ಬೀಡಿ, ಸಿಗರೇಟು ಸುಳಿಯಕೂಡದು.

ಪಂಪ್ ಮೇಲೆ ಹೇಳಿದಂತೆ ಬಡಿದು ನಿಲ್ಲುತ್ತಿದ್ದು, ಗುಳ್ಳೆಯೂ ಇಲ್ಲ, ಸೋರಿಕೆಯೂ ಇಲ್ಲವೆಂದಾದರೆ, ಉಳಿಯುವುದು ತಗಡು ಬಾರಿಸುವ ಸದ್ದು. ಪಂಪನ್ನು ನೇರವಾಗಿ ಡಿಕ್ಕಿಯ ನೆಲಕ್ಕೆ ಬೋಲ್ಟ್ ಮಾಡಿದರೆ ಆ ತೆಳು ತಗಡು ಮದ್ದಳೆಯಂತೆ ಮೊಳಗುತ್ತದೆ. ಹೊಸದಾಗಿ ಹಾಕಿಸಿದ ಪಂಪುಗಳಲ್ಲಿ ಇದೇ ಮುಖ್ಯ ತೊಂದರೆ, ಪಂಪಿನ ತಪ್ಪಲ್ಲ. ದಪ್ಪ ಚಾಸಿ ಭಾಗವೊಂದನ್ನು ಆರಿಸಿ, ಎರಡು ತುದಿಗೂ ಬೋಲ್ಟ್ ಇರುವ ರಬ್ಬರ್ ಬುಷ್‌ಗಳ ಮೇಲೆ ಪಂಪನ್ನು ಕೂರಿಸಬೇಕು. ಲೋಹದ ಪೈಪು ನೇರವಾಗಿ ಪಂಪಿಗೆ ಸೇರಿದರೆ ನಡುಕ ಅದರ ಮೂಲಕವೇ ಹರಿಯುವುದರಿಂದ ಎರಡೂ ಕಡೆ ಗೇಣುದ್ದದ ಹೋಸ್ ಇರಲಿ. ಇಂಥ ಪಂಪುಗಳು ತಳ್ಳುವಷ್ಟು ಚೆನ್ನಾಗಿ ಎಳೆಯಲಾರವು. ಆದ್ದರಿಂದ ಟ್ಯಾಂಕಿನ ಹತ್ತಿರ, ತಗ್ಗಿನಲ್ಲಿ, ಸೈಲೆನ್ಸರ್ ಪೈಪಿನಿಂದ ದೂರದಲ್ಲಿಟ್ಟರೆ ಸದ್ದೂ ಕಡಿಮೆ, ಬಿಸಿಯೂ ಕಡಿಮೆ. ರಬ್ಬರ್ ಬುಷ್ ವಿದ್ಯುತ್ತನ್ನು ಹಾಯಿಸದು; ಪಂಪಿನ ಮೈಯೇ ಅರ್ಥ್ (ವಿದ್ಯುತ್ ಮರಳುವ ದಾರಿ) ಆಗಿದ್ದರೆ ಪ್ರತ್ಯೇಕ ಅರ್ಥ್ ತಂತಿ ಎಳೆಯುವುದನ್ನು ಮರೆತು ಆಮೇಲೆ ಪಂಪನ್ನೇ ಬೈದವರನ್ನು ಕಂಡಿದ್ದೇನೆ.

ಹೋಸ್ ಕೊಳ್ಳುವಾಗ ಎಥನಾಲ್ ತಡೆಯಬಲ್ಲದ್ದನ್ನೇ ಕೇಳಿ ತನ್ನಿ. ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ಬಗೆಯ ರಬ್ಬರ್ ಮೆತ್ತಗಾಗಿ ಇಲ್ಲವೇ ಬಿರುಕುಬಿಟ್ಟು ಮತ್ತೆ ಗಾಳಿ ಎಳೆಯತೊಡಗುತ್ತದೆ. ಹೊಸ ಕ್ಲಿಪ್‌ಗಳನ್ನು ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.