ಸಾರಾಂಶ ಬೇಡ, ಆಡಿದ ಮಾತು ತನ್ನಿ: ಆಪ್ತಸಮಾಲೋಚಕರ ಮೇಲ್ವಿಚಾರಣೆಯಲ್ಲಿ ನನ್ನ ಅನುಭವ

ಹೊಸ ಆಪ್ತಸಮಾಲೋಚಕರ ಮೇಲ್ವಿಚಾರಣೆ ವಹಿಸಿಕೊಂಡಾಗ ಮೊದಲ ಭೇಟಿಯಲ್ಲೇ ಕೆಲವು ಕರಾರು ಮಾಡಿಕೊಳ್ಳುತ್ತೇನೆ. ವಾರಕ್ಕೊಮ್ಮೆ ಒಂದು ಗಂಟೆ ಕೂರುವುದು. ಸಲಹಾರ್ಥಿಯ, ಅಂದರೆ ಸಮಾಲೋಚನೆಗೆ ಬಂದವರ, ಹೆಸರು, ಊರು ತೆಗೆದ ಬರಹವನ್ನೇ ತರುವುದು. ಆತ್ಮಹತ್ಯೆಯ ಮಾತು ಬಂದರೆ ನಮ್ಮ ಭೇಟಿಗೆ ಕಾಯದೆ ಅಂದೇ ಫೋನ್ ಮಾಡುವುದು. ತನ್ನ ವಿಷಯ ಮೇಲ್ವಿಚಾರಕರ ಮುಂದೆ ಚರ್ಚೆಯಾಗುತ್ತದೆ ಎಂಬುದು ಸಲಹಾರ್ಥಿಗೂ ಮೊದಲೇ ತಿಳಿದಿರಬೇಕು.

ಧ್ವನಿಮುದ್ರಣಕ್ಕೆ ಒಪ್ಪುವ ಸಲಹಾರ್ಥಿಗಳು ನನ್ನ ಅನುಭವದಲ್ಲಿ ಕಡಿಮೆ. ಆದ್ದರಿಂದ ಸಮಾಲೋಚನೆಯ ಯಾವುದಾದರೂ ಹತ್ತು ನಿಮಿಷವನ್ನು ಅಂದೇ ಸಂಜೆ ನೆನಪಿನಿಂದ, ಇಬ್ಬರೂ ಆಡಿದ ಮಾತುಗಳಲ್ಲೇ, ನಡುವಿನ ಮೌನವನ್ನೂ ಗುರುತಿಸಿ ಬರೆದು ತರಲು ಹೇಳುತ್ತೇನೆ. ಸಾರಾಂಶ ಕೇಳಿದರೆ ಎಲ್ಲರ ಕೆಲಸವೂ ಚೆನ್ನಾಗಿಯೇ ಕಾಣುತ್ತದೆ.

ಒಬ್ಬ ಕಲಿಕಾರ್ಥಿ, "ಮೇಡಂ, ಅವರು ಸಹಕರಿಸುತ್ತಲೇ ಇಲ್ಲ, ಏನು ಕೇಳಿದರೂ ಗೊತ್ತಿಲ್ಲ ಅಂತಾರೆ" ಎಂದು ದೂರುತ್ತಲೇ ಕುಳಿತರು. ಹಾಳೆ ಬೇರೆಯದನ್ನೇ ಹೇಳುತ್ತಿತ್ತು. ಸಲಹಾರ್ಥಿ, "ಮನೇಲಿ ನನ್ನ ಮಾತು ಯಾರಿಗೂ ಬೇಕಿಲ್ಲ" ಎಂದಿದ್ದರು, ಅದರ ಕೆಳಗಿನ ಸಾಲಿನಲ್ಲೇ ಇವರು "ಬೆಳಿಗ್ಗೆ ವಾಕಿಂಗ್ ಹೋಗ್ತೀರಾ?" ಎಂದು ಕೇಳಿದ್ದರು. ಮೊದಲ "ಗೊತ್ತಿಲ್ಲ" ಬಂದದ್ದು ಅಲ್ಲಿ. ನಾನು ತಿದ್ದಲು ಹೋಗದೆ, ಆ ಮಾತು ಕೇಳಿದ ಗಳಿಗೆಯಲ್ಲಿ ನಿಮ್ಮ ಮನಸ್ಸಿನಲ್ಲಿ ಏನಾಯಿತು ಎಂದು ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತುಬಿಟ್ಟರೆ ಏನು ಮಾಡೋದು ಅಂತ ಭಯ ಆಯ್ತು" ಎಂದರು. ಅಮೆರಿಕದ ಮನಶ್ಶಾಸ್ತ್ರಜ್ಞ ನಾರ್ಮನ್ ಕಾಗನ್ 1960ರ ದಶಕದಲ್ಲಿ ಸಮಾಲೋಚನೆಯ ವಿಡಿಯೊ ತೋರಿಸಿ, ನಡುನಡುವೆ ನಿಲ್ಲಿಸಿ ಕೇಳುತ್ತಿದ್ದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ನನ್ನಲ್ಲಿ ಇರುವುದು ಹಾಳೆ, ಅಷ್ಟೇ. ಆಮೇಲೆ ನಾನು ಸಲಹಾರ್ಥಿಯಾಗಿ ಕುಳಿತು ಅದೇ ಮಾತನ್ನು ಹೇಳಿದೆ. ಅವರು ಮರುಪ್ರಶ್ನೆ ಹಾಕದೆ ಕೇಳಿಸಿಕೊಳ್ಳುವುದನ್ನು ಅಲ್ಲೇ ಅಭ್ಯಾಸ ಮಾಡಿದರು.

ಬೇಗ ಉಪಾಯ ಹೇಳಿ ಮುಗಿಸಬೇಕೆಂಬ ಆತುರ ಆ ಹೊತ್ತು ನನ್ನಲ್ಲೂ ಇತ್ತು. ಸಮಾಲೋಚನೆಯ ಕೋಣೆಯ ಒತ್ತಡ ಮೇಲ್ವಿಚಾರಣೆಯ ಕೋಣೆಗೂ ಹರಿಯುತ್ತದೆ ಎಂಬುದನ್ನು ಅಮೆರಿಕದ ಮನೋವೈದ್ಯ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಬರೆದಿದ್ದರು. ಹಾಗಾಗಿ ನನ್ನ ಆತುರವನ್ನೂ ಆ ಪ್ರಕರಣದ ಮಾಹಿತಿಯೆಂದೇ ಪರಿಗಣಿಸಿ ಅವರಿಗೆ ತಿಳಿಸಿದೆ. ಆದರೆ ಆ ಭಯದ ಬೇರು ಅವರ ಸ್ವಂತ ಬದುಕಿನಲ್ಲಿದ್ದರೆ ಅದನ್ನು ಕೆದಕುವುದು ನನ್ನ ಕೆಲಸವಲ್ಲ. ಅದಕ್ಕೆ ಅವರು ಬೇರೊಬ್ಬ ಚಿಕಿತ್ಸಕರನ್ನು ಕಾಣಬೇಕು.

ನಾನು ಪ್ರಶ್ನೆ ಬಿಟ್ಟು ನೇರವಾಗಿ ಸೂಚನೆ ಕೊಡುವ ಸಂದರ್ಭಗಳೂ ಇವೆ. ಹದಿನೆಂಟು ತುಂಬದ ಪಿಯುಸಿ ವಿದ್ಯಾರ್ಥಿನಿ ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಹೇಳಿಕೊಂಡರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕು. "ಹಾಗೆ ಹೇಳಿದರೆ ಹುಡುಗಿ ಮತ್ತೆ ಬಾಯಿ ಬಿಡುವುದಿಲ್ಲ" ಎನ್ನುತ್ತಾರೆ ಕಲಿಕಾರ್ಥಿಗಳು. ಆ ಆತಂಕ ನಿಜವೇ. ಅದಕ್ಕಾಗಿಯೇ ಗೋಪ್ಯತೆಗೆ ಇರುವ ಮಿತಿಯನ್ನು ಮೊದಲ ಭೇಟಿಯಲ್ಲೇ, ಮಕ್ಕಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದನ್ನು ಅವರಿಂದ ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸುತ್ತೇನೆ.

ಇನ್ನು ಮೌಲ್ಯಮಾಪನ. ತರಬೇತಿಯ ಕೊನೆಗೆ ಸಹಿ ಹಾಕುವವಳು ನಾನೇ ಆದ್ದರಿಂದ, ನಾಚಿಕೆಯಾಗುವ ಹತ್ತು ನಿಮಿಷವನ್ನು ಯಾರೂ ಬರೆದು ತರುವುದಿಲ್ಲ ಎಂಬ ತೊಡಕು ಪೂರ್ತಿ ನೀಗುವಂಥದ್ದಲ್ಲ. ಮೌಲ್ಯಮಾಪನದ ಫಾರಂ ಅನ್ನು ಮೊದಲ ತಿಂಗಳಲ್ಲೇ ಅವರ ಮುಂದಿಡುತ್ತೇನೆ, ಹಾಳೆಯಲ್ಲಿ ಕಂಡ ಎಡವಟ್ಟುಗಳಿಗೆ ಅಂಕ ಕಳೆಯುವುದಿಲ್ಲ, ಮತ್ತು ನನ್ನ ಅಭಿಪ್ರಾಯಕ್ಕೆ ಅವರ ಒಪ್ಪಿಗೆಯಿಲ್ಲದಿದ್ದರೆ ಅವರ ಮಾತನ್ನೂ ಅದೇ ಫಾರಂನಲ್ಲಿ ದಾಖಲಿಸಿದ ನಂತರವೇ ಸಹಿ ಮಾಡುತ್ತೇನೆ.