ಜರ್ಮನಿಯಲ್ಲಿ ಮೊದಲ ಸೆಮಿಸ್ಟರ್: ಓದು, ಊಟ, ಕಾಗದಪತ್ರ ಹೊಂದಿಸಿಕೊಳ್ಳುವುದು ಹೇಗೆ?

ವಿಟಿಯು ಕಾಲೇಜಿನಲ್ಲಿ ಬಿಇ ಮುಗಿಸಿ ಜರ್ಮನಿಗೆ ಮಾಸ್ಟರ್ಸ್ ಓದಲು ಹೋದವರಿಗೆ ಮೊದಲ ತಿಂಗಳು ಹಾಯೆನಿಸುತ್ತದೆ. ಹೆಚ್ಚಿನ ಕ್ಲಾಸುಗಳಲ್ಲಿ ಹಾಜರಿ ಕೂಗುವುದಿಲ್ಲ. ಇಂಟರ್ನಲ್ಸ್ ಇಲ್ಲ. ಒಂದು ವಾರ ಕ್ಲಾಸಿಗೆ ಹೋಗದಿದ್ದರೂ ಯಾರೂ ಎಚ್‌ಒಡಿ ಹತ್ತಿರ ಕಳಿಸುವುದಿಲ್ಲ, ಮನೆಗೆ ಫೋನೂ ಹೋಗುವುದಿಲ್ಲ. ಅಕ್ಟೋಬರ್ ಮಧ್ಯದಲ್ಲಿ ಶುರುವಾದ ಪಾಠ ಫೆಬ್ರುವರಿ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಒಂದೇ ಒಂದು ಪರೀಕ್ಷೆ. ಎಷ್ಟೋ ವಿಷಯಗಳಲ್ಲಿ ಪೂರ್ತಿ ಅಂಕ ಅದೊಂದರ ಮೇಲೆಯೇ ನಿಂತಿರುತ್ತದೆ.

ನಮ್ಮ ಮಕ್ಕಳು ಎಡವುವುದು ಇಲ್ಲೇ. ಬುದ್ಧಿ ಕಡಿಮೆ ಅಂತಲ್ಲ. ಯಾರಾದರೂ ಬೆನ್ನು ಹತ್ತಿ ಓದಿಸುವ ಪದ್ಧತಿಯಲ್ಲಿ ಬೆಳೆದವರಿಗೆ ವಾರದ ಓದನ್ನು ತಾವೇ ಹೊಂದಿಸಿಕೊಂಡು ರೂಢಿ ಇರುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಕಲಿಯಬೇಕಾದ ದೊಡ್ಡ ಪಾಠ ಅದೇ ಎಂದು ನಾನು ನಂಬುತ್ತೇನೆ. ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

1. ಮೊದಲ ಎರಡು ವಾರ ಕಾಗದಪತ್ರಕ್ಕೆ

ಅಲ್ಲಿನ ಬಾಡಿಗೆ ಮನೆಗೆ ಹೋದ ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಬೆಂಗಳೂರಿನಲ್ಲಿ ಇರುವಾಗಲೇ ಆನ್‌ಲೈನಿನಲ್ಲಿ ಹುಡುಕಲು ಶುರುಮಾಡಿ. ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕೇ ಬೇಕು. ಬಾಡಿಗೆ ಕರಾರು ಪತ್ರ ಮಾತ್ರ ತೋರಿಸಿದರೆ ಸಾಲದು.

ಬಂದ ದಿನವೇ ಮಾಡಬೇಕಾದ ಒಂದು ಸಣ್ಣ ಕೆಲಸವಿದೆ: ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಅಲ್ಲಿ ಫ್ಲಾಟಿಗೆ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ. ಅಂಚೆಯವರು ಹೆಸರು ನೋಡಿಯೇ ಹಾಕುವುದು. ಹೆಸರಿಲ್ಲದಿದ್ದರೆ ಬ್ಯಾಂಕಿನ ಕಾರ್ಡು, ಅದರ ಪಿನ್ನು, ವಿಮೆಯ ಕಾರ್ಡು ಎಲ್ಲವೂ ವಾಪಸ್ ಹೋಗುತ್ತವೆ.

ದುಡ್ಡಿನ ಲೆಕ್ಕ ನಿಮಗೆ ವೀಸಾ ಹೊತ್ತಿನಲ್ಲೇ ಗೊತ್ತಾಗಿರುತ್ತದೆ. 2024ರ ಸೆಪ್ಟೆಂಬರಿನಿಂದ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಖರ್ಚಿನ ದುಡ್ಡನ್ನು ಮೊದಲೇ ಹಾಕಿಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕು. ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಅದರಲ್ಲಿ ಆರೋಗ್ಯ ವಿಮೆಗೇ ಸುಮಾರು 140ರಿಂದ 150 ಯೂರೋ ಹೋಗುತ್ತದೆ. ನೋಂದಣಿಯಾದ ಕೆಲವೇ ವಾರಕ್ಕೆ ರೇಡಿಯೋ, ಟಿವಿ ಶುಲ್ಕದ ಪತ್ರವೂ ಬರುತ್ತದೆ. ಟಿವಿ ಇಲ್ಲದಿದ್ದರೂ ಕಟ್ಟಲೇಬೇಕು. ಆದರೆ ಅದು ಮನೆಗೊಂದು ಶುಲ್ಕ, ತಲೆಗೊಂದಲ್ಲ. ನಾಲ್ಕು ಜನ ಸೇರಿ ಒಂದು ಫ್ಲಾಟಿನಲ್ಲಿದ್ದರೆ ಒಬ್ಬರು ಕಟ್ಟಿ, ಉಳಿದವರು ಪಾಲು ಕೊಟ್ಟರೆ ಮುಗಿಯಿತು.

2. ಗಂಟೆಗಳ ಲೆಕ್ಕ ಹಾಕಿ

ಪ್ರತಿ ಕೋರ್ಸಿಗೂ ಒಂದು ಮಾಡ್ಯೂಲ್ ಕೈಪಿಡಿ ಇರುತ್ತದೆ. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತದೆ. ಬಹಳ ಜನ ಅದನ್ನು ತೆರೆದೇ ನೋಡುವುದಿಲ್ಲ. ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್, ಪರೀಕ್ಷೆ ಬರೆಯುವುದೋ ಬಾಯಲ್ಲಿ ಹೇಳುವುದೋ, ಮೊದಲೇ ಏನು ಗೊತ್ತಿರಬೇಕು, ಎಲ್ಲ ಅದರಲ್ಲೇ ಇದೆ.

ಈಗ ಒಂದು ಪೆನ್ನು ಹಿಡಿಯಿರಿ. ಒಂದು ಕ್ರೆಡಿಟ್ ಅಂದರೆ ಸಾಮಾನ್ಯವಾಗಿ 30 ಗಂಟೆ ಕೆಲಸ. 5 ಕ್ರೆಡಿಟ್ಟಿನ ಒಂದು ವಿಷಯಕ್ಕೆ 150 ಗಂಟೆ ಆಯಿತು. ವಾರಕ್ಕೆ 90 ನಿಮಿಷದ ಒಂದು ಪಾಠ, 90 ನಿಮಿಷದ ಒಂದು ಟ್ಯುಟೋರಿಯಲ್ ಅಂತಿಟ್ಟುಕೊಳ್ಳಿ. 15 ವಾರಕ್ಕೆ 45 ಗಂಟೆ. ಉಳಿದ 105 ಗಂಟೆ ನೀವೇ ಕೂತು ಓದಬೇಕಾದದ್ದು. ಪರೀಕ್ಷೆಯ ತಯಾರಿಗೆ 30 ಗಂಟೆ ತೆಗೆದಿಟ್ಟರೂ ವಾರಕ್ಕೆ 5 ಗಂಟೆ ಬೀಳುತ್ತದೆ, ಅದೂ ಒಂದೇ ವಿಷಯಕ್ಕೆ. ಇಂಥ ಆರು ವಿಷಯ ತೆಗೆದುಕೊಂಡರೆ ಕ್ಲಾಸಿನ 18 ಗಂಟೆ ಸೇರಿ ವಾರಕ್ಕೆ 48 ಗಂಟೆ.

ಕೈಪಿಡಿ 30 ಕ್ರೆಡಿಟ್ ತೆಗೆದುಕೊಳ್ಳಿ ಅನ್ನುತ್ತದೆ, ನಿಜ. ಆದರೆ ಹೊಸ ದೇಶ, ಹೊಸ ಭಾಷೆ, ಅಡುಗೆ, ಬಟ್ಟೆ ಒಗೆಯುವುದು ಎಲ್ಲ ಒಟ್ಟಿಗೆ ತಲೆ ಮೇಲೆ ಬಿದ್ದಿರುವಾಗ ಮೊದಲ ಸೆಮಿಸ್ಟರಿಗೆ ನಾಲ್ಕು ಅಥವಾ ಐದು ವಿಷಯ ಸಾಕು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಕೋರ್ಸಿನಲ್ಲಿ ಕಡ್ಡಾಯದ ಕನಿಷ್ಠ ಕ್ರೆಡಿಟ್ ಏನಾದರೂ ಇದೆಯೇ ಎಂದು ಮಾತ್ರ ನಿಯಮಾವಳಿಯಲ್ಲಿ ನೋಡಿಕೊಳ್ಳಿ.

ವೇಳಾಪಟ್ಟಿಯಲ್ಲಿ 10 ಸಿ.ಟಿ. ಎಂದು ಬರೆದಿದ್ದರೆ ಪಾಠ 10:15ಕ್ಕೆ ಶುರು. ಎಸ್.ಟಿ. ಎಂದಿದ್ದರೆ ಸರಿಯಾಗಿ 10ಕ್ಕೆ. ಪಾಠ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಡೆಸ್ಕ್ ತಟ್ಟುತ್ತಾರೆ. ಗಾಬರಿಯಾಗಬೇಡಿ, ಅದು ಅವರ ಚಪ್ಪಾಳೆ.

3. ಒಂದು ವಿಷಯ, ಒಂದು ವಾರ: ಓದುವ ಕ್ರಮ

ಮಂಗಳವಾರ ಪಾಠ ಇದೆ ಅಂದುಕೊಳ್ಳಿ. ಸೋಮವಾರ ಸಂಜೆ ಆ ದಿನದ ಸ್ಲೈಡುಗಳನ್ನು ಅರ್ಧ ಗಂಟೆ ತಿರುವಿ ಹಾಕಿ. ಅರ್ಥವಾಗಬೇಕೆಂದೇನೂ ಇಲ್ಲ. ಹೊಸ ಪದಗಳು ಯಾವುವು, ಚಿತ್ರಗಳಲ್ಲಿ ಏನಿದೆ ಅಂತ ಕಣ್ಣಾಡಿಸಿದರೆ ಸಾಕು. ಪ್ರೊಫೆಸರ್ ಇಂಗ್ಲಿಷಿನಲ್ಲೇ ಪಾಠ ಮಾಡಿದರೂ ಅವರ ಉಚ್ಚಾರ ನಮ್ಮ ಕಿವಿಗೆ ಹೊಸದು. ಪದ ಮೊದಲೇ ಕಣ್ಣಿಗೆ ಬಿದ್ದಿದ್ದರೆ ಕಿವಿಗೆ ಬಿದ್ದಾಗ ಗುರುತು ಸಿಗುತ್ತದೆ.

ಪಾಠ ಕೇಳಿದ ದಿನವೇ, ರಾತ್ರಿ ಮಲಗುವ ಮುಂಚೆ, ಪುಸ್ತಕ ಮುಚ್ಚಿಟ್ಟು ಒಂದು ಪುಟ ಬರೆಯಿರಿ. ಇವತ್ತು ಏನು ಕಲಿತೆ ಅಂತ ತಂಗಿಗೆ ಹೇಳುವ ಹಾಗೆ, ಕನ್ನಡದಲ್ಲೇ ಬರೆಯಿರಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಸ್ಲೈಡಿನ ಇಂಗ್ಲಿಷ್ ವಾಕ್ಯವನ್ನು ಇದ್ದ ಹಾಗೆ ಕಾಪಿ ಮಾಡಿದರೆ ಅರ್ಥವಾದ ಹಾಗೆ ಅನಿಸುತ್ತದೆ, ಅಷ್ಟೇ. ಅದನ್ನೇ ಕನ್ನಡದಲ್ಲಿ ಹೇಳಲು ಹೋದಾಗ ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ನಿಮಗೆ ಅರ್ಥವಾಗಿಲ್ಲ ಎಂದು ತಕ್ಷಣ ತಿಳಿಯುತ್ತದೆ. ತಾಂತ್ರಿಕ ಪದಗಳು ಇಂಗ್ಲಿಷಿನಲ್ಲೇ ಇರಲಿ, ತೊಂದರೆಯಿಲ್ಲ. ಕೈ ನಿಂತ ಜಾಗವನ್ನು ಪ್ರಶ್ನೆಯಾಗಿ ಬರೆದಿಟ್ಟುಕೊಳ್ಳಿ.

ಆಮೇಲೆ ಬರುವುದು ಯೂಬುಂಗ್, ಅಂದರೆ ವಾರ ವಾರ ಕೊಡುವ ಲೆಕ್ಕಗಳ ಹಾಳೆ. ಬಹಳ ಕಡೆ ಇದಕ್ಕೆ ಅಂಕವಿಲ್ಲ. ಅದಕ್ಕೇ ನಮ್ಮವರು ಬಿಟ್ಟುಬಿಡುತ್ತಾರೆ, ಹೇಗೂ ಉತ್ತರ ಅಪ್‌ಲೋಡ್ ಮಾಡುತ್ತಾರಲ್ವಾ ಅಂತ. ಹಾಗೆ ಮಾಡಬೇಡಿ. ಫೆಬ್ರುವರಿಯ ಪ್ರಶ್ನೆಪತ್ರಿಕೆ ಹೆಚ್ಚಾಗಿ ಈ ಹಾಳೆಗಳ ಜಾಡಿನಲ್ಲೇ ಬರುವುದು. ಟ್ಯುಟೋರಿಯಲ್ಲಿಗೆ ಹೋಗುವ ಮುಂಚೆ ಪ್ರತಿ ಲೆಕ್ಕವನ್ನೂ 20 ನಿಮಿಷವಾದರೂ ಪ್ರಯತ್ನಿಸಿ. ಅರ್ಧಕ್ಕೆ ನಿಂತರೂ ಪರವಾಗಿಲ್ಲ. ಅರ್ಧ ಮಾಡಿದ ಹಾಳೆ ಕೈಯಲ್ಲಿದ್ದರೆ ಕೇಳಲು ಪ್ರಶ್ನೆ ಇರುತ್ತದೆ. ಖಾಲಿ ಹಾಳೆ ಹಿಡಿದು ಕೂತವರು ಬೋರ್ಡಿನಲ್ಲಿದ್ದದ್ದನ್ನು ಸುಮ್ನೆ ಬರೆದುಕೊಂಡು ಬರುತ್ತಾರೆ.

ಸಂಶೋಧನಾ ಲೇಖನ ಓದುವುದು ಇನ್ನೊಂದು ಹೊಸ ಕೆಲಸ. ಹನ್ನೆರಡು ಪುಟದ ಪೇಪರನ್ನು ಮೊದಲ ಸಾಲಿನಿಂದ ಹಿಡಿದರೆ ಮೂರನೇ ಪುಟಕ್ಕೆ ಸುಸ್ತಾಗುತ್ತದೆ. ಮೊದಲು ಸಾರಾಂಶ ಓದಿ. ನಂತರ ನೇರ ಕೊನೆಯ ಭಾಗಕ್ಕೆ ಹೋಗಿ. ಆಮೇಲೆ ಚಿತ್ರ, ಕೋಷ್ಟಕ ಮತ್ತು ಅವುಗಳ ಕೆಳಗಿನ ಬರಹ. ಇಷ್ಟಾದ ಮೇಲೆ ಮೂರು ಸಾಲು ಬರೆಯಿರಿ: ಇವರು ಏನು ಕೇಳಿದರು, ಹೇಗೆ ಹುಡುಕಿದರು, ಏನು ಸಿಕ್ಕಿತು. ಆ ಮೂರು ಸಾಲು ನಿಮ್ಮ ಕೆಲಸಕ್ಕೆ ಬೇಕು ಅನಿಸಿದರೆ ಮಾತ್ರ ನಡುವಿನ ಭಾಗಕ್ಕೆ ಇಳಿಯಿರಿ. ಓದಿದ್ದನ್ನೆಲ್ಲ ಝೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಅಂದಂದೇ ಸೇರಿಸಿ. ವರದಿ ಬರೆಯುವಾಗ ಯಾವ ಮಾತು ಎಲ್ಲಿಂದ ಬಂತು ಎಂದು ತೋರಿಸಲೇಬೇಕು. ಇದು ನನ್ನದೇ ಬರಹ ಎಂದು ಸಹಿ ಹಾಕಿ ಕೊಡುವ ದೇಶ ಅದು. ಊರಲ್ಲಿ ಪ್ರಾಜೆಕ್ಟ್ ರಿಪೋರ್ಟಿಗೆ ನಡೆಯುತ್ತಿದ್ದ ಕಾಪಿ-ಪೇಸ್ಟ್ ಅಲ್ಲಿ ನಡೆಯುವುದಿಲ್ಲ, ನಡೆಯಲೂಬಾರದು.

4. ಲೈಬ್ರರಿಯನ್ನು ಪೂರ್ತಿ ಬಳಸಿಕೊಳ್ಳಿ

ಪಠ್ಯಪುಸ್ತಕಕ್ಕೆ ದುಡ್ಡು ಹಾಕಬೇಡಿ. ವಿಶ್ವವಿದ್ಯಾಲಯದ ನೆಟ್‌ವರ್ಕಿಗೆ ಸೇರಿಕೊಂಡರೆ ಸ್ಪ್ರಿಂಗರ್ ಮುಂತಾದ ಪ್ರಕಾಶಕರ ಸಾಕಷ್ಟು ಪುಸ್ತಕಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಮನೆಯಿಂದ ಓದಬೇಕೆಂದರೆ ವಿಪಿಎನ್ ಹಾಕಿಕೊಳ್ಳಿ. ಲೈಬ್ರರಿಯಲ್ಲಿ ನಿಮ್ಮ ಕೋರ್ಸಿಗೆಂದೇ ಮೀಸಲಿಟ್ಟ ಕಪಾಟು ಇರಬಹುದು. ಅಲ್ಲಿಯ ಪುಸ್ತಕ ಹೊರಗೆ ಹೋಗುವುದಿಲ್ಲ, ಹಾಗಾಗಿ ಯಾವಾಗಲೂ ಸಿಗುತ್ತದೆ. ಬೇಕಾದ ಪುಸ್ತಕ ನಿಮ್ಮ ಊರಿನಲ್ಲೇ ಇಲ್ಲವೇ? ಫೆರ್ನ್‌ಲೈಹೆ ಎಂಬ ವ್ಯವಸ್ಥೆಯಲ್ಲಿ ಬೇರೆ ಊರಿನ ಲೈಬ್ರರಿಯಿಂದ ತರಿಸಿಕೊಡುತ್ತಾರೆ. ಶುಲ್ಕ ಸಾಮಾನ್ಯವಾಗಿ ಒಂದೂವರೆ ಯೂರೋ. ಬ್ಯಾಗು, ಜಾಕೆಟ್ಟು ಒಳಗೆ ಬಿಡದ ಲೈಬ್ರರಿಗಳು ಬಹಳ ಇವೆ. ಲಾಕರಿಗೆ ಒಂದು ನಾಣ್ಯವನ್ನೋ ಸಣ್ಣ ಬೀಗವನ್ನೋ ಜೊತೆಗೆ ಇಟ್ಟುಕೊಂಡಿರಿ.

5. ಜರ್ಮನ್ ಭಾಷೆ: ಬಂದ ಪತ್ರದಿಂದಲೇ ಶುರುಮಾಡಿ

ಕೋರ್ಸು ಇಂಗ್ಲಿಷಿನಲ್ಲಿದ್ದರೂ ಬದುಕು ಜರ್ಮನ್ನಿನಲ್ಲೇ. ವಿಶ್ವವಿದ್ಯಾಲಯದ ಭಾಷಾ ಕೇಂದ್ರದಲ್ಲಿ ತರಗತಿ ಸಿಗುತ್ತದೆ, ಬೇಗ ಭರ್ತಿಯಾಗುತ್ತದೆ. ಅದರ ಜೊತೆ ಮನೆಗೆ ಬಂದ ಪತ್ರಗಳನ್ನೇ ಪಾಠ ಮಾಡಿಕೊಳ್ಳಿ. ವಿಮಾ ಕಂಪನಿಯ ಪತ್ರ ಬಂತು ಅನ್ನಿ. ಫೋನಿನ ಅನುವಾದಕ್ಕೆ ಕೈ ಹಾಕುವ ಮುಂಚೆ ಮೂರು ಹುಡುಕಿ: ಕಳಿಸಿದವರು ಯಾರು, ದಪ್ಪ ಅಕ್ಷರದ ಸಾಲು ಯಾವುದು, ‘ಬಿಸ್ ಸುಮ್’ (bis zum) ಅಥವಾ ‘ಫ್ರಿಸ್ಟ್’ (Frist) ಎಂದು ಎಲ್ಲಾದರೂ ಇದೆಯೇ. ಈ ಎರಡು ಪದದ ಪಕ್ಕದಲ್ಲಿ ಕೊನೆಯ ದಿನಾಂಕ ಇರುತ್ತದೆ. ಅದನ್ನು ಕೂಡಲೇ ಕ್ಯಾಲೆಂಡರಿಗೆ ಹಾಕಿ. ಆಮೇಲೆ ಅನುವಾದ ನೋಡಿ. ಇಂಥ ಪತ್ರಗಳಲ್ಲಿ ಬಂದ ಪದಗಳೇ ಮತ್ತೆ ಮತ್ತೆ ಬರುತ್ತವೆ, ಹಾಗಾಗಿ ಬೇಗ ಬಾಯಿಗೆ ಕೂರುತ್ತವೆ.

ಕಿವಿಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ ನಿಧಾನಗತಿಯ ವಾರ್ತೆ ಇದೆ, ಪುಕ್ಕಟೆ. ಓದುವ ಪಠ್ಯವೂ ಜೊತೆಗೆ ಸಿಗುತ್ತದೆ. ಟ್ರಾಮಿನಲ್ಲಿ ಹೋಗುವಾಗ ಕೇಳಿ.

ಭಾಷೆ ಕಲಿಯಲು ವಯಸ್ಸಾಯಿತು, ಎರಡು ವರ್ಷಕ್ಕೆ ಯಾಕೆ ಬೇಕು ಅನ್ನುವವರಿಗೆ ಫರ್ಡಿನೆಂಡ್ ಕಿಟೆಲ್ ನೆನಪಾಗಲಿ. ಜರ್ಮನಿಯಿಂದ ಬಂದು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು ಕನ್ನಡ ಕಲಿತರು. 1894ರಲ್ಲಿ ಅವರ ನಿಘಂಟು ಹೊರಬಂತು. 1903ರಲ್ಲಿ ಅವರು ತೀರಿಕೊಂಡದ್ದು ಟ್ಯೂಬಿಂಗನ್ನಿನಲ್ಲಿ. ಇವತ್ತು ನಮ್ಮ ಮಕ್ಕಳು ಓದಲು ಹೋಗುವ ಊರುಗಳಲ್ಲಿ ಅದೂ ಒಂದು.

6. ಊಟ, ನಿದ್ದೆ, ಮನೆಗೆ ಫೋನು

ಭಾನುವಾರ ಸೂಪರ್ ಮಾರ್ಕೆಟ್ ಮುಚ್ಚಿರುತ್ತದೆ. ಶನಿವಾರವೇ ಅಕ್ಕಿ, ಹಾಲು, ತರಕಾರಿ ತಂದಿಡಿ. ತೊಗರಿಬೇಳೆ, ಕರಿಬೇವು ಇಂಡಿಯನ್ ಇಲ್ಲವೇ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಸಿಗುತ್ತದೆ. ಕೊತ್ತಂಬರಿ ಸೊಪ್ಪು ಟರ್ಕಿಯವರ ಅಂಗಡಿಯಲ್ಲಿ ಒಳ್ಳೆಯದು, ಅಗ್ಗವೂ ಹೌದು. ಮಧ್ಯಾಹ್ನ ಮೆನ್ಸಾ, ಅಂದರೆ ಕ್ಯಾಂಟೀನಿನಲ್ಲಿ ಸಸ್ಯಾಹಾರ ಇದ್ದೇ ಇರುತ್ತದೆ. ಉಪ್ಪು ಖಾರ ನಮಗೆ ಸಪ್ಪೆ, ಚಟ್ನಿಪುಡಿ ಡಬ್ಬಿ ಬ್ಯಾಗಿನಲ್ಲಿರಲಿ.

ಹಾಸ್ಟೆಲ್ ಕೋಣೆಯಲ್ಲಿ ಹೊಗೆ ಪತ್ತೆಮಾಡುವ ಅಲಾರಂ ಇರುತ್ತದೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಕಿಟಕಿ ತೆಗೆದು, ಒಲೆಯ ಮೇಲಿನ ಫ್ಯಾನ್ ಹಾಕಿ, ಸಾಸಿವೆ ಸಿಡಿಯುತ್ತಲೇ ಮುಚ್ಚಳ ಮುಚ್ಚಿ. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬೇಡಿ, ಅದು ಸದ್ದು ಮಾಡಬಾರದ ಹೊತ್ತು. ಖಾಲಿ ನೀರಿನ ಬಾಟಲಿ ಎಸೆಯಬೇಡಿ. ಹೆಚ್ಚಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ.

ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಊರಿನ ಬಿಸಿಲಿನಲ್ಲಿ ಬೆಳೆದವರಿಗೆ ಇದು ನಿಜಕ್ಕೂ ಮನಸ್ಸಿಗೆ ಭಾರ. ಹಗಲು ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯಿರಿ. ಚಳಿಗಾಲದಲ್ಲಿ ಕರ್ನಾಟಕ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಸಂಜೆ ನಾಲ್ಕು ಅಂದರೆ ಮನೆಯಲ್ಲಿ ರಾತ್ರಿ ಎಂಟೂವರೆ, ಅಮ್ಮ ಅಪ್ಪ ಊಟಕ್ಕೆ ಕೂರುವ ಹೊತ್ತು. ಆಗ ಮಾತಾಡಿ. ಫ್ರಾಂಕ್‌ಫರ್ಟ್, ಮ್ಯೂನಿಕ್ ಕಡೆ ಕನ್ನಡ ಸಂಘಗಳಿವೆ, ರಾಜ್ಯೋತ್ಸವಕ್ಕೆ ತಪ್ಪದೆ ಹೋಗಿ. ಆದರೂ ನಿದ್ದೆ ಬರುತ್ತಿಲ್ಲ, ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲ ಎಂದಾದರೆ ವಿದ್ಯಾರ್ಥಿ ಸೇವಾ ಸಂಸ್ಥೆಯವರ ಆಪ್ತಸಲಹೆ ಇದೆ. ಎಷ್ಟೋ ಕಡೆ ಇಂಗ್ಲಿಷಿನಲ್ಲೂ ಮಾತಾಡಬಹುದು. ಹೋಗಲು ಹಿಂಜರಿಯಬೇಡಿ.

7. ಪಾರ್ಟ್‌ಟೈಮ್ ಕೆಲಸ

2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿ ಇದೆ. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ದಾಟಬೇಡಿ, ದಾಟಿದರೆ ವಿದ್ಯಾರ್ಥಿ ವಿಮೆಗೆ ತೊಡಕಾಗುತ್ತದೆ. ಮೇಲೆ ಹಾಕಿದ 48 ಗಂಟೆಯ ಲೆಕ್ಕ ನೆನಪಿದೆಯಲ್ವಾ? ಮನೆಯ ಕಷ್ಟ ತೀರಾ ಇಲ್ಲದಿದ್ದರೆ ಮೊದಲ ಸೆಮಿಸ್ಟರಿನಲ್ಲಿ ಕೆಲಸ ಬೇಡ. ಮಾಡಲೇಬೇಕೆಂದರೆ ಪ್ರೊಫೆಸರ್ ಹತ್ತಿರ ‘ಹಿವಿ’, ಅಂದರೆ ವಿದ್ಯಾರ್ಥಿ ಸಹಾಯಕನ ಕೆಲಸ ಕೇಳಿ. ಸಂಪಾದನೆಯ ಜೊತೆ ಕಲಿಕೆಯೂ ಆಗುತ್ತದೆ.

8. ಪರೀಕ್ಷೆಗೆ ಹೆಸರು ಕೊಡುವುದು, ಉತ್ತರಪತ್ರಿಕೆ ನೋಡುವುದು

ಕ್ಲಾಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಸೇರಿದಂತಲ್ಲ. ಹೆಚ್ಚಿನ ಕಡೆ ಪ್ರತಿ ಪರೀಕ್ಷೆಗೂ ಆನ್‌ಲೈನಿನಲ್ಲಿ ಬೇರೆಯಾಗಿ ಹೆಸರು ಕೊಡಬೇಕು. ಕೊನೆಯ ದಿನ ದಾಟಿದರೆ ಯಾರನ್ನು ಬೇಡಿಕೊಂಡರೂ ಆಗುವುದಿಲ್ಲ. ಹಿಂದೆ ಸರಿಯಲು ಇನ್ನೊಂದು ದಿನಾಂಕ ಇರುತ್ತದೆ, ಅದನ್ನೂ ಬರೆದಿಡಿ. ಅಲ್ಲಿನ ಗ್ರೇಡು ಕಡಿಮೆಯಿದ್ದಷ್ಟೂ ಒಳ್ಳೆಯದು: 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ಬಹಳಷ್ಟು ಕೋರ್ಸುಗಳಲ್ಲಿ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಕೋರ್ಸೇ ಕೈತಪ್ಪುತ್ತದೆ. ಸುಮ್ನೆ ಬರೆದು ನೋಡೋಣ ಅನ್ನುವ ಬ್ಯಾಕ್‌ಲಾಗ್ ಲೆಕ್ಕಾಚಾರ ಅಲ್ಲಿ ಅಪಾಯ.

ಫಲಿತಾಂಶ ಬಂದ ಮೇಲೆ ಐನ್‌ಸಿಖ್ಟ್ ಎಂಬ ದಿನ ಇಡುತ್ತಾರೆ. ತಿದ್ದಿದ ನಿಮ್ಮ ಉತ್ತರಪತ್ರಿಕೆಯನ್ನು ಕೈಗೆ ಕೊಡುತ್ತಾರೆ. ಪಾಸಾದರೂ ಹೋಗಿ. ಅಂಕ ಎಲ್ಲಿ ಹೋಯಿತು, ಅವರು ಎಂಥ ಉತ್ತರ ಬಯಸುತ್ತಾರೆ ಎಂದು ಕಣ್ಣಾರೆ ನೋಡಬಹುದು. ಕೂಡಿಸಿದ್ದರಲ್ಲಿ ತಪ್ಪಿದ್ದರೆ ಅಲ್ಲೇ ಹೇಳಬಹುದು, ತಿದ್ದುತ್ತಾರೆ.

ಇದೇ ಗಡಿಬಿಡಿಯಲ್ಲಿ ಬೇಸಿಗೆ ಸೆಮಿಸ್ಟರಿನ ಶುಲ್ಕ ಕಟ್ಟುವುದು ಮರೆತುಹೋಗುತ್ತದೆ. ಅದರ ಗಡುವು ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲೇ ಬೀಳುತ್ತದೆ. ಕಟ್ಟದಿದ್ದರೆ ಹೆಸರೇ ತೆಗೆದುಹಾಕುತ್ತಾರೆ, ವೀಸಾಕ್ಕೂ ಕುತ್ತು. ಡಿಸೆಂಬರಿನಲ್ಲೇ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ದಿನಾಂಕ ನೋಡಿ, ಒಂದು ವಾರ ಮೊದಲೇ ದುಡ್ಡು ಕಳಿಸಿಬಿಡಿ.